ಎರಿ ಹೊಲದ ಹೆಬ್ಬಲಸು

ಮುದುಕವ್ವನ ಗಿಡ ಎಲೆ ಉದುರಿಸತೊಡಗಿದ್ದು ಯುಗಾದಿಯ ಬೆನ್ನಿಗೇ. ಬೇರೆ ಗಿಡವಾಗಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಟಿಕೋಟಾದಿಂದ ಬಬಲೇಶ್ವರಕ್ಕೆ ಹೋಗುವ ದಾರಿಯ ಎರಡೂ ಬದಿಗೆ ಆಗ ಬೋಳು ಗಿಡಗಳದೇ ಸಾಲು. ಇದು ಹೆಬ್ಬಲಸು, ಘಟ್ಟದ ಕಾಡಿನದು, ಹನ್ನೆರಡು ತಿಂಗಳೂ ಹಸಿರು ಬಿಡದ ಜಾತಿ. ಅಂಥದ್ದು ಈಗ ಗಾಳಿ ಇಲ್ಲದಿದ್ದರೂ ಒಂದೊಂದೇ ಎಲೆ ಕೆಡವುತ್ತಿತ್ತು. ಮುದುಕವ್ವ ಒಂದನ್ನು ಎತ್ತಿ ನೋಡಿದಳು. ಹಣ್ಣಾಗಿ ಉದುರಿದ್ದಲ್ಲ. ನಡುವೆ ಹಸಿರು ಇನ್ನೂ ಇತ್ತು, ಅಂಚು ಮಾತ್ರ ಕೆಂಡಕ್ಕೆ ಹಿಡಿದಂತೆ ಸುಟ್ಟಿತ್ತು.

ಕುಡಗೋಲಿನ ತುದಿಯಿಂದ ತೊಗಟೆ ಗೀರಿದಳು. ಚೆನ್ನಾಗಿದ್ದಾಗ ಆ ಗಿಡ ಗೀರಿದಲ್ಲೆಲ್ಲ ಬಿಳಿ ಹಾಲು ಸುರಿಸುತ್ತಿತ್ತು, ಸೀರೆಗೆ ಹತ್ತಿದರೆ ಬಿಡುತ್ತಿರಲಿಲ್ಲ. ಈಗ ಒಂದು ಹನಿ ಮೂಡಿ ಅಲ್ಲೇ ನಿಂತಿತು.

"ಯಾರೋ ಏನೋ ಹಾಕ್ಯಾರ," ಎಂದಳು.

ಯಾರೋ ಎಂದರೆ ಯಾರು ಎಂಬುದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ.

ಮುದುಕವ್ವನಿಗೆ ಹೆಸರಷ್ಟೇ ಮುದುಕಿಯದು. ಅಜ್ಜಿಯ ಹೆಸರು ಇಟ್ಟಿದ್ದರಿಂದ ತೊಟ್ಟಿಲಲ್ಲೇ ಮುದುಕಿಯಾದವಳು. ಐವತ್ತು ದಾಟಿದರೂ ತಲೆಯ ಮೇಲೆ ಜೋಳದ ಚೀಲ ಹೊತ್ತು ಒಡ್ಡು ಹಾರುತ್ತಿದ್ದಳು. ಕುರಿ ಕಾಯುವ ಮನೆತನಕ್ಕೆ ಸೊಸೆಯಾಗಿ ಬಂದವಳು. ಗಂಡ ರೇವಪ್ಪ ವರ್ಷದ ಬಹುಭಾಗ ಹಿಂಡಿನ ಹಿಂದೆ ದೇಶಾಂತರ. ಹೊಲ, ಮನೆ, ಮಗಳು ಸುಧಾರಾಣಿ, ಜಗಳ, ಎಲ್ಲ ಇವಳ ಪಾಲು. ಜಗಳದಲ್ಲಿ ಅವಳು ಸೋತದ್ದನ್ನು ಯಾರೂ ಕಂಡಿರಲಿಲ್ಲ.

ಮಗಳು ಇನ್ನೂ ತೊಟ್ಟಿಲಲ್ಲಿದ್ದ ವರ್ಷ ರೇವಪ್ಪ ಖಾನಾಪುರದ ಕಡೆ ಕುರಿ ಹೊಡೆದುಕೊಂಡು ಹೋಗಿದ್ದ. ಅಲ್ಲಿ ಆಲಿಕಲ್ಲು ಮಳೆಗೆ ಸಿಕ್ಕಿ, ಒಂದು ಮಹಾ ಗಿಡದ ಬುಡದಲ್ಲಿ ಇಡೀ ಹಿಂಡನ್ನು ನಿಲ್ಲಿಸಿ ಉಳಿಸಿಕೊಂಡ. ಬರುವಾಗ ಅದರಡಿ ಎದ್ದಿದ್ದ ಒಂದು ಸಸಿಯನ್ನು ಎಣ್ಣೆ ಡಬ್ಬಿಯಲ್ಲಿಟ್ಟು ತಂದ. ಆ ಬೇಸಿಗೆಯಲ್ಲೇ ಹೊಲದ ಬಯಲಿನಲ್ಲಿ ಅವರ ಹಸಿ ಮರಿಗಳು ಬಿಸಿಲಿಗೆ ಬಾಯಿ ಬಿಟ್ಟು ಸತ್ತಿದ್ದವು. ಮುದುಕವ್ವ ಸತ್ತ ಮರಿಗಳನ್ನು ಹೂಳಿದ ಕೈಯಲ್ಲೇ ಸಸಿಗೆ ತಗ್ಗು ತೋಡಿದಳು. ನೆರಳು ಬೇಕಿತ್ತು, ಅಷ್ಟೇ.

ಎರಿಯ ಕಪ್ಪು ಮಣ್ಣು ಅಂಥ ಗಿಡಕ್ಕೆ ಆಗಿಬರುವುದಲ್ಲ. ಮಳೆಗಾಲಕ್ಕೆ ಅಂಟು, ಬೇಸಿಗೆಗೆ ಬಿರುಕು. ಬಿರಿಯುವಾಗ ಬೇರನ್ನೂ ಹರಿದು ಹಾಕುತ್ತದೆ. ಅವಳು ಆಳುದ್ದ ತೋಡಿ, ಭೂತನಾಳದ ಕಡೆಯಿಂದ ಕೆಮ್ಮಣ್ಣು ತರಿಸಿ ತುಂಬಿದಳು. ಬುಡದ ಸುತ್ತ ಬಾಯಿ ಒಡೆದ ಗಡಿಗೆಗಳನ್ನು ಹೂತು ನೀರು ತುಂಬಿಸಿದಳು, ಒಳಗೊಳಗೇ ಜಿನುಗಲಿ ಎಂದು. ಬೇಸಿಗೆಗೆ ಬಿರುಕುಗಳಿಗೆಲ್ಲ ಹೊಟ್ಟು, ಉಸುಕು ತುಂಬಿದಳು. ಬಿಸಿಗಾಳಿಗೆ ಕಾಂಡ ಸುಡಬಾರದೆಂದು ಹಳೇ ಕಂಬಳಿ ಸುತ್ತಿದಳು. ಊರವರು ಗಿಡಕ್ಕೆ ಚಳಿಯಾಗಿದೆಯೇ ಎಂದು ನಕ್ಕರು. ಎಳೆಯ ಹೆಬ್ಬಲಸಿನ ಎಲೆ ಬೆರಳು ಬಿಡಿಸಿದ ಹಸ್ತದಂತೆ ಇರುತ್ತದೆ. ಬದುವಿನಾಚೆಯ ಶಿವಯೋಗೆಪ್ಪ ಅದನ್ನು ನೋಡಿ, "ಪಪ್ಪಾಯಿ ಗಿಡಕ್ಕ ಇಷ್ಟ ಸೇವಾ ಮಾಡಾಕಿನ್ನ ನಾ ಇನ್ನೂ ಕಂಡಿಲ್ಲ" ಅಂದಿದ್ದ.

ಈಗ ಆ ಗಿಡ ಬದುವಿನಂಚಿಗೆ ಎರಡು ಮಾಳಿಗೆಯಷ್ಟು ಎತ್ತರ ನಿಂತಿತ್ತು. ಆ ದಾರಿಯ ಬಸ್ಸಿನ ಕಂಡಕ್ಟರುಗಳು ಅಲ್ಲಿಗೆ 'ಮುದುಕವ್ವನ ಗಿಡ' ಎಂದೇ ಟಿಕೇಟು ಹರಿಯುತ್ತಿದ್ದರು. ಮರಿಗಳು ಬಿಸಿಲಿಗೆ ಸಾಯುವುದು ನಿಂತಿತ್ತು.

ಶಿವಯೋಗೆಪ್ಪನ ನಗೆಯೂ ನಿಂತಿತ್ತು. ಅವನು ದ್ರಾಕ್ಷಿ ಹಾಕಿದ್ದ. ಗಿಡದ ನೆರಳು ಮಧ್ಯಾಹ್ನದ ಮೇಲೆ ಅವನ ಸಾಲುಗಳ ಮೇಲೆ ಬೀಳುತ್ತಿತ್ತು. ಅದಕ್ಕಿಂತ ದೊಡ್ಡ ತಕರಾರು ಗಿಳಿಗಳದು.

"ನಿನ್ನ ಗಿಡದಾಗ ಸಂಸಾರ, ನನ್ನ ತೋಟದಾಗ ಊಟ. ಇದ್ಯಾವ ನ್ಯಾಯ ಬೇ?"

"ಗಿಳಿಗೋಳಿಗೆ ನಾ ಏನ್ ಪತ್ರಿಕಿ ಕೊಟ್ಟ ಕರದೇನ್ರೀ, ಸಾವಕಾರ್ರ?"

"ನನ್ನ ಕಡಿ ಬಂದಿರೋ ಟೊಂಗಿನಾದ್ರೂ ಕಡಿ."

"ಟೊಂಗಿ ಮುಟ್ಟಿದ್ರ ಕೈ ಉಳಿಯಾಂಗಿಲ್ಲ."

ಈ ಸಲ ದ್ರಾಕ್ಷಿ ಕೊಯ್ಲಿನ ಹೊತ್ತಿನಲ್ಲಿ ಅವನು ಆಳುಗಳ ಮುಂದೆಯೇ ಕೂಗಿದ್ದ: "ಒಂದಿನ ಇದಕ್ಕ ಏನರ ಗತಿ ಕಾಣಸ್ತೀನಿ, ನೋಡ್ತಿರು." ಅದಾಗಿ ಸ್ವಲ್ಪ ದಿನಕ್ಕೆ ಅವನ ಆಳು ಕಸ ಸಾಯಿಸುವ ಔಷಧಿಯ ಪಂಪನ್ನು ಬದುವಿನ ಹತ್ತಿರ ತೊಳೆಯುತ್ತಿದ್ದುದನ್ನು ಮುದುಕವ್ವ ಕಣ್ಣಾರೆ ಕಂಡಿದ್ದಳು. ಈಗ ಎಲೆ ಉದುರುತ್ತಿದೆ. ಇನ್ನೇನು ಬೇಕು?

ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನೇರ ಅವನ ಮಣೂಕದ ಶೆಡ್ಡಿಗೇ ನಡೆದಳು. ದ್ರಾಕ್ಷಿ ಒಣಗಿ ಮಣೂಕವಾಗಿತ್ತು. ಹೆಂಗಸರು ಸಾಲಾಗಿ ಕೂತು ಕಡ್ಡಿ ಆರಿಸುತ್ತಿದ್ದರು. ವಿಜಯಪುರದಿಂದ ಬಂದ ವ್ಯಾಪಾರಿಯೊಬ್ಬ ಕುರ್ಚಿ ಹಾಕಿಕೊಂಡು ಚಹಾ ಕುಡಿಯುತ್ತಿದ್ದ.

"ಏನೋ ಶಿವಯೋಗೆಪ್ಪ! ಸಾಕಿದ ಗಿಡಕ್ಕ ವಿಷಾ ಹಾಕ್ತೀಯಲ್ಲೋ! ನಿನ್ನ ಕೈಗೆ ಹುಳಾ ಬೀಳ್ಲಿ! ಇವನ ಮಣೂಕ ಒಯ್ಯಬ್ಯಾಡ್ರಿ ಯಪ್ಪಾ, ಗಿಡಕ್ಕ ಹಾಕಿದಂವ ಮಣೂಕಕ್ಕ ಏನ್ ಹಾಕ್ಯಾನೋ ಯಾರಿಗೆ ಗೊತ್ತು!"

ವ್ಯಾಪಾರಿ ಚಹಾದ ಲೋಟ ಕೆಳಗಿಟ್ಟ. ಶಿವಯೋಗೆಪ್ಪನ ಮುಖ ಕಪ್ಪಿಟ್ಟಿತು. "ನಾ ಯಾಕ ಹಾಕ್ಲಿ? ಬಾಯಿ ಬಿಗಿ ಹಿಡಿ, ಮುದುಕವ್ವ," ಎಂದ. ಅವಳು ಹಿಡಿಯಲಿಲ್ಲ. ತೊರವಿಯಲ್ಲಿ ಕಲಿಯುತ್ತಿದ್ದ ಸುಧಾರಾಣಿ ರಜೆಗೆ ಮನೆಯಲ್ಲಿದ್ದಳು. ಅವ್ವನ ಹಿಂದೆಯೇ ಬಂದು ಎಲ್ಲವನ್ನೂ ಫೋನಿನಲ್ಲಿ ಹಿಡಿದಳು. ಸಂಜೆಗೆ ಆ ವೀಡಿಯೊ ಟಿಕೋಟಾದ ಪ್ರತಿಯೊಂದು ಗ್ರೂಪಿನಲ್ಲೂ ಇತ್ತು. ಗಿಡ ಪ್ರೀತಿಸುವವರು, ದ್ರಾಕ್ಷಿ ಬೆಳೆದವರನ್ನು ಕಂಡರಾಗದವರು, ಕೆಲಸವಿಲ್ಲದವರು, ಎಲ್ಲರೂ ಮುಂದಕ್ಕೆ ತಳ್ಳಿದರು.

ಮೂರು ದಿನ ಬಿಟ್ಟು ಊರ ಹಿರಿಯ ಯಲಗೂರಪ್ಪ ಬಂದು ಹೊಲದಲ್ಲೇ ಕೂತ.

"ಸೋಮವಾರ ಹನಮಪ್ಪನ ಕಟ್ಟಿಗೆ ಇಬ್ಬರೂ ಬರ್ರಿ. ಅಂವ ಮಾನ ಹೋತು ಅಂತ ಪೊಲೀಸ್ ಕಡಿ ಹೊಂಟಿದ್ದ, ನಾ ತಡದೇನಿ. ಸಾಕ್ಷಿ ಏನೈತಿ ನಿನ್ನ ಕಡಿ?"

"ಗಿಡಾನ ಸಾಕ್ಷಿ."

"ಗಿಡ ಮಾತಾಡಂಗಿಲ್ಲ. ನೀ ಎರಡ ಗಿಡದಷ್ಟ ಮಾತಾಡ್ತಿ. ಮತ್ತೇನರ ಐತೇನು?"

"ಬುಡದ ಮಣ್ಣ ತೆಗದು ತಪಾಸಣಿಗೆ ಕಳಸ್ತೀವಿ, ಯಜ್ಜಾ," ಎಂದಳು ಸುಧಾರಾಣಿ. "ಔಷಧಿ ಇದ್ರ ಗೊತ್ತಾಗ್ತೈತಿ."

"ಕಳಸ್ರಿ. ಆದ್ರ ಸುಳ್ಳಾದ್ರ, ಮುದುಕವ್ವ, ನಿನ್ನ ಮಾತಿಗೆ ಈ ಊರಾಗ ನಾಯಿನೂ ಕಿವಿ ಎತ್ತಂಗಿಲ್ಲ."

ಯಲಗೂರಪ್ಪ ಹೋದ ಮೇಲೆ ಮುದುಕವ್ವ ಸಲಿಕೆ ತಂದಳು. ಶಿವಯೋಗೆಪ್ಪನ ಬದುವಿನ ಕಡೆಯಿಂದಲೇ ತೋಡಲು ಶುರುಮಾಡಿದಳು. ವಿಷ ಬಂದಿದ್ದರೆ ಅಲ್ಲಿಂದಲೇ ಬಂದಿರಬೇಕು. ಮೊಳದಾಳ ಹೋದರೂ ಔಷಧಿಯ ವಾಸನೆ ಇಲ್ಲ. ಬೇರು ಸಿಕ್ಕಿತು. ಉಗುರಿನಿಂದ ಕೆರೆದಳು. ಒಳಗೆ ಬೆಳ್ಳಗೆ, ಗಟ್ಟಿಯಾಗಿತ್ತು. ಆ ಕಡೆ ಗಿಡಕ್ಕೆ ಏನೂ ಆಗಿರಲಿಲ್ಲ.

ಬುಡದ ಹತ್ತಿರ ಬಂದಳು. ಅಲ್ಲಿ ಸಲಿಕೆ ಇಳಿಯಲಿಲ್ಲ. ಮಣ್ಣು ಒಣಗಿ ಬಡಿದ ಅಂಗಳದಂತೆ ಗಟ್ಟಿಯಾಗಿತ್ತು, ಮೇಲೆ ಉಪ್ಪು ಚೆಲ್ಲಿದಂತೆ ಬಿಳಿ ಪದರು. ಪಿಕಾಸಿಯಿಂದ ಹೆಂಟೆ ಎಬ್ಬಿಸಿದಳು. ಒಳಗಿನಿಂದ ಮೂಗು ಸುಡುವ ನಾತ ಎದ್ದಿತು.

ಆ ನಾತ ಅವಳಿಗೆ ಹೊಸದಲ್ಲ. ಸೊಸೆಯಾಗಿ ಬಂದಾಗಿನಿಂದ ಅದರೊಳಗೇ ಮಲಗಿದವಳು. ಕುರಿ ಉಚ್ಚೆ.

ಮಣ್ಣಿನ ಚೂರನ್ನು ನಾಲಿಗೆಗೆ ಹಚ್ಚಿದಳು. ಕಡು ಉಪ್ಪು. ಸಣ್ಣ ಬೇರುಗಳನ್ನು ಎಳೆದರೆ ಕರಿ ನೂಲಿನಂತೆ ಕಿತ್ತು ಬಂದವು. ಮುದುಕವ್ವ ಅಲ್ಲೇ ಕುಕ್ಕರಗಾಲಲ್ಲಿ ಕೂತಳು. ಮಗಳು ದೂರದಲ್ಲಿ ನಿಂತು, "ಸಿಕ್ತೇನು ಯವ್ವಾ?" ಎಂದು ಕೇಳಿದಳು. ಇವಳು ಇನ್ನೊಂದು ಬೇರು ಎಳೆದು ನೋಡಿದಳು.

ಜೋಳದ ರಾಶಿ ಮುಗಿದ ಮೇಲೆ ರೇವಪ್ಪನ ಹಿಂಡು ಬರುತ್ತದೆ. ಊರವರು ಕರೆದು ತಮ್ಮ ಹೊಲದಲ್ಲಿ ಕುರಿ ನಿಲ್ಲಿಸಿಕೊಳ್ಳುತ್ತಾರೆ. ರಾತ್ರಿಯಿಡೀ ಹಿಂಡು ಮಲಗಿದ ನೆಲಕ್ಕೆ ಬೇರೆ ಗೊಬ್ಬರ ಬೇಡ. ಆದರೆ ಒಂದೇ ಜಾಗದಲ್ಲಿ ಎರಡು ರಾತ್ರಿ ಮೀರಿ ನಿಲ್ಲಿಸುವುದಿಲ್ಲ, ಮೂರನೆಯದಕ್ಕೆ ನೆಲ ಸುಡುತ್ತದೆ. ಕುರಿಯವರ ಮನೆಯ ಕೂಸಿಗೂ ಇದು ಗೊತ್ತು. ಈ ಸಲ ಬಿಸಿಲು ಬೇಗ ಬಂದಿತ್ತು, ಮರಿಗಳು ಬಹಳ ಇದ್ದವು. ಗಿಡವೂ ಒಂದು ವರ್ಷದಿಂದ ಯಾಕೋ ಮೇಲಕ್ಕೆ ಏಳುತ್ತಿರಲಿಲ್ಲ. ಮುದುಕವ್ವ ಹಿಂಡನ್ನು ಗಿಡದಡಿಯಿಂದ ಕದಲಗೊಡಲಿಲ್ಲ. ಕರೆಯಲು ಬಂದ ರೈತರನ್ನು ವಾಪಸು ಕಳಿಸಿದಳು.

"ಸಾಕು ಬೇ, ಸುಡತೈತಿ," ಎಂದಿದ್ದ ರೇವಪ್ಪ.

"ಸುಡಾಕ ಅದೇನ್ ಜ್ವಾಳದ ಸಸಿ ಏನು? ಇಷ್ಟ ದೊಡ್ಡ ಹೊಟ್ಟಿ ಐತಿ ಅದಕ್ಕ, ತಿನ್ಲಿ," ಎಂದಿದ್ದಳು ಇವಳು. ಶಿವರಾತ್ರಿಗೆ ಬಂದ ಹಿಂಡು ಹೋಳಿ ಹುಣ್ಣಿಮೆವರೆಗೂ ಅಲ್ಲೇ ಮಲಗಿತ್ತು. ನೀರು ನಿಲ್ಲಲೆಂದು ತಾನೇ ಬುಡದ ಸುತ್ತ ಎತ್ತರದ ಒಡ್ಡು ಕಟ್ಟಿದ್ದಳು. ಅಷ್ಟೂ ಕುರಿಗಳ ಉಚ್ಚೆ ಹೊರಗೆ ಹೋಗದೆ ಅದರೊಳಗೇ ಇಂಗಿತ್ತು.

ರೇವಪ್ಪ ಆಗ ಕೃಷ್ಣಾ ದಂಡೆಯ ಕಡೆ ಇದ್ದ. ಫೋನು ಹಚ್ಚಿದಳು.

"ಗಿಡಕ್ಕ ವಿಷಾ ಹಾಕಿದ್ದು ನಾವ."

ಆ ಕಡೆ ಕುರಿಗಳ ಸದ್ದು. ಆಮೇಲೆ ರೇವಪ್ಪ ಹೇಳಿದ: "ನಾ ಅವತ್ತ ಬಡಕೊಂಡ್ನೆಲ್ಲ."

"ಬಡಕೊಂಡಿ. ಈಗೇನ್ ಮಾಡೂಣು?"

"ನೀರ. ಬುಡದಾಗ ತುಂಬಿ ತುಂಬಿ ಹೊರಗ ಹಾಕಬೇಕು. ಉಪ್ಪ ತೊಳದ ಹೋಗಬೇಕು. ನಮ್ಮ ಬೋರಿನ್ಯಾಗ ಎಷ್ಟ ಬರ್ತೈತಿ?"

"ಎಮ್ಮಿ ಉಚ್ಚಿ ಹೊಯ್ದಷ್ಟೂ ಇಲ್ಲ."

"ಟ್ಯಾಂಕರ?"

"ದ್ರಾಕ್ಷಿಯವರು ಬಳ್ಳಿ ಚಾಟ್ನಿ ಮಾಡ್ಯಾರ. ಹಂಗ ಕತ್ತರಿಸಿದ ಮ್ಯಾಲ ನೀರಿಲ್ಲದಿದ್ರ ಅವು ಚಿಗಿಯಂಗಿಲ್ಲ. ಮಳಿ ಬರೂತನಾ ಒಂದ ಟ್ಯಾಂಕರೂ ಖಾಲಿ ಇಲ್ಲ. ನೀರ ಇರೋದು ಶಿವಯೋಗೆಪ್ಪನ ಹೊಂಡದಾಗ."

ರೇವಪ್ಪ ಹಿಂಡಿನ ಗದ್ದಲದಿಂದ ಆಚೆ ಬಂದು ಮಾತಾಡಿದ. "ಹಂಗಾರ ಬಿಡು. ಸೋಮವಾರ ಕಟ್ಟಿಮ್ಯಾಲ ಗಟ್ಟಿ ನಿಲ್ಲು. ಮಣ್ಣಿಂದು ಯಾರಿಗೂ ಹೇಳಬ್ಯಾಡ. ಗಿಡ ಹೋದ್ರ ಹೋಗ್ಲಿ, ಮಾನ ಉಳಿತೈತಿ. ನಾಕ ಮಂದಿ ಅವನ್ನ ಬೈತಾರ, ಬಯ್ಲಿ. ಅಂವೇನ್ ಸಂತ ಅಲ್ಲ."

ಈ ಮಾತಿನಲ್ಲಿ ತಪ್ಪೇನೂ ಅವಳಿಗೆ ಕಾಣಲಿಲ್ಲ. ಊರು ತನ್ನ ಕಡೆಗಿತ್ತು. ತಗ್ಗನ್ನು ಮುಚ್ಚಿದರೆ ಮುಗಿಯಿತು. ಗಿಡ ಸತ್ತರೆ ಶಿವಯೋಗೆಪ್ಪ ಸಾಯುವತನಕ ಗಿಡ ಕೊಂದವ. ಮಣ್ಣಿನ ಹೆಂಟೆ ಕೈಯಲ್ಲಿ ಹಿಡಿದು ಅವಳು ಮೇಲೆ ನೋಡಿದಳು. ತುದಿ ಆಗಲೇ ಆಕಾಶ ಕಾಣುವಷ್ಟು ತೆಳ್ಳಗಾಗಿತ್ತು. ಇನ್ನೊಂದು ವಾರ ಬಿಟ್ಟರೆ ನೀರು ಸಿಕ್ಕರೂ ಉಪಯೋಗವಿಲ್ಲ. ಸುಮ್ಮನಿದ್ದರೆ ಮಾನ ಉಳಿಯುತ್ತದೆ, ಗಿಡ ಉಳಿಯುವುದಿಲ್ಲ. ಎರಡೂ ಉಳಿಯುವ ದಾರಿ ಎಷ್ಟು ಹುಡುಕಿದರೂ ಸಿಗಲಿಲ್ಲ.

ಹೆಂಟೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಎದ್ದಳು.

"ಎಲ್ಲಿಗೆ ಯವ್ವಾ?"

"ಫೋನ್ ತಗೊಂಡ ಬಾ."

ಶೆಡ್ಡಿನ ಬಾಗಿಲಲ್ಲೇ ಶಿವಯೋಗೆಪ್ಪನ ಹೆಂಡತಿ ಗೌರಾಬಾಯಿ ಅಡ್ಡ ನಿಂತಳು. "ಇನ್ನೇನ್ ಉಳದೈತಿ ಬೈಯೋದು? ಮೊನ್ನಿ ಸಿದ್ಧೇಶ್ವರ ಗುಡಿಗೆ ಹೋದ್ರ ಹೂವ ಮಾರಾಕಿ ಕೇಳಿದ್ಲು, ನಿಮ್ಮ ಮನಿಯವರಂತಲ್ರೀ ಗಿಡಕ್ಕ ವಿಷಾ ಹಾಕಿದ್ದು ಅಂತ. ನಾ ಹೂವಾನೂ ತಗೋಳಲಾರದ ತಿರುಗಿ ಬಂದೆ."

"ಬೈಯಾಕ ಬಂದಿಲ್ರೀ ಅಕ್ಕಾರ."

ಒಳಗೆ ಶಿವಯೋಗೆಪ್ಪ ತೂಕದ ಹತ್ತಿರ ನಿಂತಿದ್ದ. ಮುದುಕವ್ವ ಅವನ ಮುಂದೆ ಸೆರಗು ಬಿಚ್ಚಿ ಹೆಂಟೆ ಇಟ್ಟಳು.

"ಮೂಸಿ ನೋಡ್ರಿ."

ಅವನು ಬಗ್ಗಿ ಮೂಸಿ, ಥಟ್ಟನೆ ತಲೆ ಹಿಂದಕ್ಕೆ ಎಳೆದುಕೊಂಡ. ಅವನೂ ಮೂರು ತಲೆಮಾರಿನಿಂದ ಹೊಲದಲ್ಲಿ ಕುರಿ ನಿಲ್ಲಿಸಿಕೊಂಡ ಮನೆಯವನೇ. ಹೇಳಬೇಕಾಗಿರಲಿಲ್ಲ.

"ಎಷ್ಟ ರಾತ್ರಿ ನಿಲ್ಲಿಸಿದ್ರಿ?"

"ಭಾಳ."

"ಭಾಳ ಅಂದ್ರ?"

"ಭಾಳ ಅಂದ್ರ ಭಾಳ. ನೀವ ಏನೂ ಮಾಡಿಲ್ಲ. ಮಾಡಿದಾಕಿ ನಾನ. ಈಗ ನನಗ ನೀರ ಬೇಕು."

ಕಡ್ಡಿ ಆರಿಸುತ್ತಿದ್ದ ಹೆಂಗಸರ ಕೈ ನಿಂತವು. ಗೌರಾಬಾಯಿ ಹಿಂದಿನಿಂದ, "ಒಂದ ಹನಿ ಕೊಡಬ್ಯಾಡ್ರಿ," ಅಂದಳು. "ನಮ್ಮ ಬಳ್ಳಿ ಒಣಗಿಸಿ ಇವರ ಗಿಡಾ ತೊಳೀಬೇಕೇನು? ಯಾವ ಮಾರಿ ಇಟಗೊಂಡ ಕೇಳ್ತಾಳ?"

"ಇದ ಮಾರಿ ಇಟಗೊಂಡ್ರೀ. ಬ್ಯಾರೇದು ಇಲ್ಲ."

ಶಿವಯೋಗೆಪ್ಪ ಹೊರಗೆ ಹೊಂಡದ ಕಡೆ ನೋಡಿದ. ಪ್ಲಾಸ್ಟಿಕ್ ಹಾಳೆಯ ಮೇಲೆ ನೀರಿನ ಹಳೇ ಗುರುತು ಎಷ್ಟೋ ಎತ್ತರದಲ್ಲಿತ್ತು, ನೀರು ಕೆಳಗಿತ್ತು. ಮಳೆ ಬರುವತನಕ ಅವನ ತೋಟ ಬದುಕಬೇಕಾದದ್ದು ಅದರಲ್ಲೇ. ಕೊಟ್ಟರೆ ಕೆಳಗಿನ ಸಾಲುಗಳು ಹೋಗುತ್ತವೆ. ಅದು ಅವನಿಗೂ ಗೊತ್ತು, ಅವಳಿಗೂ ಗೊತ್ತು.

"ನನ್ನ ಬೈದಿದ್ದು ಎಲ್ಲಿ?" ಎಂದು ಕೇಳಿದ.

"ಇಲ್ಲೇ."

"ಎಷ್ಟ ದನೀಲೆ?"

ಮುದುಕವ್ವ ಅವನ ಮುಖ ನೋಡಿದಳು. ಮಗಳ ಕಡೆ ತಿರುಗಿದಳು. "ಹಿಡಿ."

"ಯವ್ವಾ, ಮನ್ಯಾಗ ಮಾಡೂಣು, ಇಷ್ಟ ಮಂದಿ ಮುಂದ..."

"ಅವತ್ತ ಇದಕ್ಕಿಂತ ಮಂದಿ ಇದ್ರು. ಹಿಡಿ ಅಂದ್ನಿಲ್ಲ!"

ಸುಧಾರಾಣಿ ಫೋನು ಎತ್ತಿ ಹಿಡಿದಳು. ಮುದುಕವ್ವ ಅವತ್ತು ನಿಂತ ಜಾಗದಲ್ಲೇ ನಿಂತು, ಅವತ್ತಿನ ದನಿಯಲ್ಲೇ ಕೂಗಿದಳು: "ಈ ಶಿವಯೋಗೆಪ್ಪ ಸಾವಕಾರ ನನ್ನ ಗಿಡಕ್ಕ ಏನೂ ಹಾಕಿಲ್ಲ! ಕುರಿ ಜಾಸ್ತಿ ದಿನಾ ನಿಲ್ಲಿಸಿ ಸುಟ್ಟಾಕಿ ನಾನ! ಗಂಡ ಬ್ಯಾಡಂದ್ರೂ ಕೇಳಲಿಲ್ಲ! ನಾ ಬೈದಿದ್ದು ಸುಳ್ಳ!" ಕೆಮ್ಮಿ, ಉಗುಳಿ, ಮತ್ತೊಮ್ಮೆ ಅಷ್ಟೇ ಗಟ್ಟಿಯಾಗಿ ಹೇಳಿದಳು: "ಸುಳ್ಳ!"

ಯಾರೂ ನಗಲಿಲ್ಲ. ನಕ್ಕಿದ್ದರೆ ಅವಳಿಗೆ ಸಲೀಸಾಗುತ್ತಿತ್ತು.

"ಟೊಂಗಿನೂ ಬೇಕು," ಎಂದ ಶಿವಯೋಗೆಪ್ಪ. "ನನ್ನ ಕಡಿ ಬಂದಿದ್ದಷ್ಟೂ."

ಅವಳ ಕೈ ತಾನಾಗಿ ಸೊಂಟದ ಕುಡಗೋಲಿಗೆ ಹೋಯಿತು. ಆ ಟೊಂಗೆ ಗಿಡದ ಅರ್ಧ ನೆರಳು. ಮರಿಗಳು ಮಧ್ಯಾಹ್ನದವರೆಗೆ ಮಲಗುತ್ತಿದ್ದುದು ಅದರ ನೆರಳಿನಲ್ಲೇ.

"ಮೊದಲ ನೀರ," ಎಂದಳು.

"ಮೊದಲ ಟೊಂಗಿ."

"ಟೊಂಗಿ ಕಡದ ಮ್ಯಾಲ ನೀವ ಕೈ ಎತ್ತಿದ್ರ?"

"ಸುಳ್ಳ ಹೇಳಾಕಿ ನೀನು. ನಾನಲ್ಲ."

ಮರುದಿನ ಬಿಸಿಲು ಏರುವ ಮುಂಚೆ ಅವಳೇ ಗಿಡ ಹತ್ತಿದಳು, ಆಳುಗಳ ಕೈಗೆ ಕೊಡಲಿಲ್ಲ. ಟೊಂಗೆ ಸೀಳಿ ಕಾಂಡದ ತೊಗಟೆ ಕಿತ್ತುಕೊಂಡು ಹೋಗಬಾರದೆಂದು ಮೊದಲು ಅಡಿಯಿಂದ ಕಚ್ಚು ಹಾಕಿ, ಆಮೇಲೆ ಮೇಲಿನಿಂದ ಗರಗಸ ಎಳೆದಳು. ಅದು ದ್ರಾಕ್ಷಿ ಸಾಲಿನ ತಂತಿಯ ಮೇಲೆ ಬಿದ್ದು ಎರಡು ಕಂಬ ಮುರಿಯಿತು. ಶಿವಯೋಗೆಪ್ಪ ಬೈದ. ಇವಳೂ ಮೇಲಿನಿಂದಲೇ ಬೈದಳು. ಅಷ್ಟರಲ್ಲಿ ಪೈಪಿನಲ್ಲಿ ನೀರು ಬಂತು.

ತಾನು ಇಷ್ಟು ವರ್ಷ ಕಟ್ಟಿದ ಒಡ್ಡನ್ನು ತನ್ನ ಹೊಲದ ಕಡೆಗೆ ಒಡೆದಳು. ನೀರು ಬುಡ ತುಂಬಿ, ಚಹಾದ ಬಣ್ಣಕ್ಕೆ ತಿರುಗಿ, ಅವಳ ಉಳ್ಳಾಗಡ್ಡಿ ಮಡಿಗಳ ಮೇಲೆ ಹರಿಯಿತು. ಎರಡು ದಿನಕ್ಕೆ ಉಳ್ಳಾಗಡ್ಡಿ ಸುಟ್ಟು ಮಲಗಿತು. ಅವಳು ಅತ್ತ ನೋಡಲಿಲ್ಲ. ಪಿಕಾಸಿಯಿಂದ ಗಟ್ಟಿ ಪದರು ಒಡೆದು ಬುಟ್ಟಿಯಲ್ಲಿ ಹೊತ್ತು ಹಾಕುವುದು, ಮತ್ತೆ ನೀರು, ಮತ್ತೆ ಒಡೆಯುವುದು. ಹೊರಗೆ ಹರಿಯುವ ನೀರನ್ನು ನಾಲಿಗೆಗೆ ಹಚ್ಚಿ, ಉಪ್ಪು ಕಡಿಮೆಯಾಯಿತೇ ಎಂದು ನೋಡುತ್ತಿದ್ದಳು. ಶಿವಯೋಗೆಪ್ಪ ಬಂದು ನೀರು ನಿಲ್ಲಿಸಿದ ದಿನ ಹೊಂಡದ ತಳ ಕಾಣುತ್ತಿತ್ತು.

ಸೋಮವಾರ ಕಟ್ಟೆಯ ಮೇಲೂ ಅದೇ ಮಾತು ಹೇಳಿದಳು. ಯಲಗೂರಪ್ಪ ತಲೆ ತುರಿಸಿಕೊಂಡು, "ಮುಗೀತಲ್ಲ, ಏಳ್ರಿ," ಎಂದ.

ಗಿಡದ ಮೇಲಿನ ಮೂರನೇ ಒಂದು ಪಾಲು ಸತ್ತಿತು. ಉಳಿದದ್ದು ಎಲೆ ಉದುರಿಸುವುದನ್ನು ನಿಲ್ಲಿಸಿತು. ರೋಹಿಣಿ ಮಳೆ ಬಿದ್ದ ಮೇಲೆ ಕೆಳಗಿನ ಟೊಂಗೆಗಳಲ್ಲಿ ಹೊಸ ಕುಡಿ ಬಂದವು. ಶಿವಯೋಗೆಪ್ಪನ ಕೆಳಗಿನ ಸಾಲುಗಳು ಚಿಗುರಲಿಲ್ಲ. ಅವನು ಬಳ್ಳಿ ಕಿತ್ತು ಅಲ್ಲಿ ತೊಗರಿ ಬಿತ್ತಿದ. ಅವಳ ಕೂಡ ಮಾತು ಬಿಟ್ಟ. ಹಿಂಡು ಮತ್ತೆ ಬಂದಾಗ ರೇವಪ್ಪ ಕೇಳದೆಯೇ ಹಟ್ಟಿಯನ್ನು ಗಿಡದಿಂದ ದೂರ ಹಾಕಿದ.

ಇಷ್ಟಾದರೂ ಒಂದು ಉಳಿಯಿತು. ಬೈದ ವೀಡಿಯೊ ಈಗಲೂ ತಿರುಗುತ್ತಿದೆ. ತಪ್ಪು ಒಪ್ಪಿಕೊಂಡದ್ದನ್ನು ಯಾರೂ ಮುಂದಕ್ಕೆ ಕಳಿಸಲಿಲ್ಲ. ಟಿಕೋಟಾದ ಸಂತೆಯಲ್ಲಿ, ಬಬಲೇಶ್ವರದ ಬಸ್ಸಿನಲ್ಲಿ, ಗುರುತಿಲ್ಲದವರೂ ಬಂದು ಮುದುಕವ್ವನ ಕೈ ಹಿಡಿಯುತ್ತಾರೆ. ಮೊನ್ನೆ ಬದನೆಕಾಯಿ ಆರಿಸುತ್ತಿದ್ದಾಗ ಒಬ್ಬಳು ಹತ್ತಿರ ಬಂದು, "ನಿಮ್ಮ ಗಿಡಕ್ಕ ವಿಷಾ ಹಾಕಿದ್ನಂತಲ್ಲಬೇ ಆ ದ್ರಾಕ್ಷಿಯಂವ, ಇನ್ನೂ ಬದುಕ್ಯಾನೇನು?" ಎಂದಳು.

ಮುದುಕವ್ವ ಬದನೆಕಾಯಿ ಕೆಳಗಿಟ್ಟಳು. ಹಿಂದಿನ ವಾರ ಇನ್ನೊಬ್ಬಳಿಗೆ ಹೇಳಿದ್ದಳು, ಅದರ ಹಿಂದಿನ ವಾರ ಒಬ್ಬ ಕಂಡಕ್ಟರಿಗೆ. ಸಾಕಾಗಿತ್ತು. ಹೂಂ ಅಂದರೆ ಮುಗಿದು ಹೋಗುತ್ತಿತ್ತು.

"ಅಂವ ಹಾಕಿಲ್ಲವ್ವಾ. ಹಾಕಿದಾಕಿ ನಾನ," ಎಂದಳು, ಅಕ್ಕಪಕ್ಕದ ನಾಲ್ಕು ಅಂಗಡಿಗೆ ಕೇಳುವ ಹಾಗೆ. "ಕುಂಡ್ರು ಇಲ್ಲಿ, ಹೆಂಗ ಹಾಕಿದೆ ಅಂತ ಹೇಳ್ತೀನಿ."